ಮಿಂಗೆಲ್ ಆರಿಸಿಕೊಂಡ ಪೆನ್ಶನ್

"ಹಿಮ್ಮಡಿ ಒಳಗೆ ಹೋಗ್ತಾ ಇಲ್ಲ, ಕೊಮಾರ್," ಎಂದ ರೊಕ್, ನೆಲದ ಮೇಲೆ ಮಂಡಿಯೂರಿದ್ದವನು ತಲೆಯೆತ್ತದೆಯೇ.

ಮಂಚದ ಮೇಲೆ ಮಲಗಿಸಿದ್ದ ಮಿಂಗೆಲ್‌ನ ಬಲಗಾಲು ರೊಕ್‌ನ ಕೈಯಲ್ಲಿತ್ತು. ಕಾಲು ಊದಿಕೊಂಡಿತ್ತು. ಕರಿ ಶೂ ಹೊಚ್ಚ ಹೊಸದು. ಹನ್ನೆರಡು ವರ್ಷದ ಹಿಂದೆ ಮಿಂಗೆಲ್ ಕೆಲಸಕ್ಕಿದ್ದ ಹಡಗು ಜಿನೋವಾದಲ್ಲಿ ನಿಂತಾಗ ಕೊಂಡದ್ದು. ರಿಟೈರಾದ ಮೇಲೆ ಹಾಕ್ತೀನಿ ಅಂತ ಪೆಟ್ಟಿಗೆಯಲ್ಲೇ ಇಟ್ಟಿದ್ದ. ರಿಟೈರಾದ ಮೂರು ವರ್ಷವೂ ರಬ್ಬರ್ ಚಪ್ಪಲಿಯಲ್ಲೇ ಗೋವಾದ ತನ್ನೂರು ಚಿಂಚಿಣಿಯೆಲ್ಲ ಸುತ್ತಿದ. ಅರವತ್ತೊಂದಕ್ಕೆ, ಮೀನು ಮಾರುಕಟ್ಟೆಯಿಂದ ಬರುತ್ತಾ ದಾರಿಯಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

ಅವನ ಹೆಂಡತಿ ಅರ್ಮಿಂದಾ ಕಪಾಟಿಗೆ ಒರಗಿ ನಿಂತಿದ್ದಳು. ಅಳು ನಿನ್ನೆಯೇ ಬತ್ತಿತ್ತು. ಈಗ ಅವಳಿಗೆ ಎಲ್ಲಾದರೂ ಒಂದು ಕಡೆ ಕೂತರೆ ಸಾಕಾಗಿತ್ತು.

"ಹಿಂದೆ ಕೊಯ್ದುಬಿಡು, ಕೊಂಪಾರ್. ಯಾರಿಗೆ ಕಾಣ್ತದೆ?"

"ಹೊಸ ಶೂ ಅಲ್ವಾ..."

"ಇನ್ನೆಷ್ಟು ವರ್ಷ ಅದನ್ನ ಹೊಸದಾಗೇ ಇಡೋದು?"

ರೊಕ್ ಕಿಸೆಯಿಂದ ಚಾಕು ತೆಗೆದ. ಮಿಂಗೆಲ್ ಜೊತೆ ಒಂದೇ ಹಡಗಿನ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಬೆವರು ಸುರಿಸಿದವನು. ಅವರ ಮಗಳು ಮಿಲಾಗ್ರಿನ್‌ಳನ್ನು ಜ್ಞಾನಸ್ನಾನಕ್ಕೆ ಎತ್ತಿಕೊಂಡು ನಿಂತವನು. ಅಂದಿನಿಂದ ಇವನು ಕೊಂಪಾರ್, ಅವಳು ಕೊಮಾರ್. ಚರ್ಮ ಸೀಳಿದ ಸದ್ದಿಗೆ ಇಬ್ಬರೂ ಮುಖ ತಿರುಗಿಸಿಕೊಂಡರು.

ಹೊರಗೆ ಜಗಲಿಯಲ್ಲಿ ಕಪ್ಪು ಬಟ್ಟೆಯ ಹೆಂಗಸರ ಮಾತು ನಡೆದಿತ್ತು. ರೊಕ್‌ನ ಹೆಂಡತಿ ಸಾಂತಾನಳ ದನಿ ಯಾವತ್ತೂ ಒಂದು ಗೋಡೆ ದಾಟಿಯೇ ಕೇಳುವುದು.

"ಹೆಣದ ಪೆಟ್ಟಿಗೆ ತಿರುಗಿಸೋಕೂ ಜಾಗ ಇಲ್ಲ ನೋಡು ಈ ಮನೇಲಿ. ಮೂವತ್ತು ವರ್ಷ ಹಡಗಲ್ಲಿದ್ದೋನು! ಮೆಟ್ಟಿಲು ಕಟ್ಟಿಸಿದ, ಮಹಡಿ ಕಟ್ಟಿಸಲಿಲ್ಲ. ಆ ಮೆಟ್ಟಿಲು ಹತ್ತಿದ್ರೆ ಸೀದಾ ಸ್ವರ್ಗವೇ."

"ಮೆತ್ತಗೆ, ಸಾಂತಾನ ಬಾಯ್. ಒಳಗೆ ಕೇಳ್ತದೆ."

"ಕೇಳಲಿ ಬಿಡು. ಅರ್ಮಿಂದಾನೇ ನನ್ನ ಹತ್ರ ಎಷ್ಟು ಸಲ ಅತ್ತಿಲ್ಲ?"

ಅದು ನಿಜವೇ ಆಗಿತ್ತು.

*

ಮಿಲಾಗ್ರಿನ್‌ಗೆ ಏಳು ವರ್ಷವಾಗಿದ್ದಾಗ ಒಂದು ಸಲ ಮಿಂಗೆಲ್ ರಜೆಗೆ ಬಂದವನು ಒಂದೇ ಒಂದು ಸೂಟ್‌ಕೇಸ್ ತಂದಿದ್ದ. ಅದರ ಹಿಂದಿನ ಸಲ ನಾಲ್ಕು ತಂದಿದ್ದ: ಸೆಂಟು, ಕಂಬಳಿ, ಚಾಕೊಲೇಟು, ಕೇರಿಯ ಗಂಡಸರಿಗೆಲ್ಲ ವಿಸ್ಕಿ. ಈ ಸಲ ಬಂದವರಿಗೆಲ್ಲ ಚಹಾ ಕೊಟ್ಟು ಕಳಿಸಿದ. ಊರು ಬಾಯಿ ಬಿಟ್ಟುಕೊಂಡು ಹೋಯಿತು.

"ಕೆಲಸ ಹೋಯ್ತಾ?" ಎಂದು ಕೇಳಿದಳು ಅರ್ಮಿಂದಾ, ಹೆದರಿ.

"ಇಲ್ಲ. ಒಂದು ಕ್ಲಾಸಿಗೆ ಹೋಗಿದ್ದೆ."

ಯಂತ್ರ ಕೆಟ್ಟು ಹಡಗು ಒಂಬತ್ತು ದಿನ ಬಂದರಿನಲ್ಲಿ ನಿಂತಿತ್ತಂತೆ. ನಾವಿಕರಿಗಾಗಿ ಇದ್ದ ಸಭಾಂಗಣದಲ್ಲಿ ಒಬ್ಬ ಮುದುಕಿ, ಬ್ಯಾಂಕಿನಲ್ಲಿದ್ದವಳು, ಸಂಜೆ ಹೊತ್ತು ಉಳಿತಾಯದ ಪಾಠ ಮಾಡುತ್ತಿದ್ದಳಂತೆ. ಪುಕ್ಕಟೆ ಬಿಸ್ಕತ್ತು ಸಿಗುತ್ತದೆಂದು ಇವನು ರೊಕ್ ಜೊತೆ ಹೋಗಿದ್ದ. ಎಪ್ಪತ್ತು ದಾಟಿದ ನಾವಿಕ ಯಾರಿಗಾದರೂ ಗೊತ್ತಾ ಎಂದು ಅವಳು ಕೇಳಿದಾಗ ಎಲ್ಲರೂ ಕೈ ಎತ್ತಿದರು. ಅವನು ಈಗ ಹೇಗಿದ್ದಾನೆ ಎಂದು ಕೇಳಿದಾಗ ಒಬ್ಬನೂ ಬಾಯಿ ಬಿಡಲಿಲ್ಲ.

"ನನಗೆ ಪೆದ್ರು ಮಾಮ ನೆನಪಾದ," ಎಂದ ಮಿಂಗೆಲ್. "ಇಗರ್ಜಿ ಬಾಗಿಲಲ್ಲಿ ಬೀಡಿ ಕೇಳ್ತಾ ಕೂತಿರ್ತಾನಲ್ಲ. ಒಂದು ಕಾಲಕ್ಕೆ ಅವನ ಕೈಲಿ ಚಿನ್ನದ ವಾಚಿತ್ತು. ನಮಗೆ ಪೆನ್ಶನ್ ಇಲ್ಲ, ಮಿಂದಾ. ಕಾಂಟ್ರಾಕ್ಟ್ ಮುಗಿದ ದಿನ ಹಡಗು ನಮ್ಮ ಹೆಸರು ಮರೀತದೆ."

ಅಂದಿನಿಂದ ಪ್ರತಿ ತಿಂಗಳು ಸಂಬಳದ ನಾಲ್ಕನೇ ಒಂದು ಪಾಲು ಮೊದಲೇ ಬೇರೆಯಾಯಿತು, ಮಹಡಿಯ ಕೆಲಸ ನಿಂತಿತು. ಗದ್ದೆಯಾಚೆ ರೊಕ್‌ನ ಮನೆಗೆ ಬಾಲ್ಕನಿ ಬಂತು, ಬಣ್ಣದ ಗಾಜು ಬಂತು, ಗೇಟಿನ ಮೇಲೆ ಎರಡು ಸಿಂಹ ಬಂದು ಕೂತವು. ಹಬ್ಬದ ದಿನ ಪೂಜೆಗೆ ಹೋಗುವಾಗ ಅರ್ಮಿಂದಾ ಹಳೆಯ ಲಂಗವನ್ನೇ ಇಸ್ತ್ರಿ ಮಾಡುತ್ತ ಅನ್ನುತ್ತಿದ್ದಳು, "ಬೇರೆಯವರ ಗಂಡಂದಿರು ಹಡಗಿಂದ ಸವತಿ ತಂದ್ರು. ನೀನು ಕ್ಲಾಸು ತಂದೆ."

ಮಿಂಗೆಲ್ ನಗುತ್ತಿದ್ದ. ಅದು ಅವಳನ್ನು ಇನ್ನಷ್ಟು ಉರಿಸುತ್ತಿತ್ತು.

*

ರಿಟೈರಾದ ವರ್ಷ, ಕೂಡಿಟ್ಟದ್ದನ್ನು ಪೆನ್ಶನ್ ಮಾಡಿಸಲು ಮಡಗಾಂವದ ವಿಮಾ ಕಚೇರಿಗೆ ಮಿಂಗೆಲ್, ಅರ್ಮಿಂದಾ, ರೊಕ್ ಮೂವರೂ ಬಸ್ಸಿನಲ್ಲಿ ಹೋಗಿದ್ದರು. ರೊಕ್‌ನ ಹತ್ತಿರವೂ ಸ್ವಲ್ಪ ಇತ್ತು. ಮಿಂಗೆಲ್ ಬೆನ್ನು ಹತ್ತಿ ಹತ್ತಿ ಇಡಿಸಿದ್ದು. ಅರ್ಮಿಂದಾ ಮೀನಿನ ಚೀಲ ಹಿಡಿದು ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ವಾಪಸ್ಸು ಬರುವಾಗ ಬಸ್ಸಿನಲ್ಲಿ ರೊಕ್ ಬೀಗುತ್ತಿದ್ದ. ಗಂಡ ಕಿಟಕಿಯಾಚೆ ನೋಡುತ್ತಿದ್ದ.

ಮನೆಗೆ ಬಂದು ಕಾಗದ ನೋಡಿದಳು. ಹಣದ ಲೆಕ್ಕವಷ್ಟೇ ಅವಳಿಗೆ ಓದಲು ಬರುತ್ತಿದ್ದುದು.

"ಇಷ್ಟೇನಾ? ಜಾಸ್ತಿ ಬರತ್ತೆ ಅಂದಿದ್ದೆಯಲ್ಲ!"

"ಎರಡು ತರಹ ಇತ್ತು. ನಾನು ಕಡಿಮೇದು ತಗೊಂಡೆ."

"ಜನ ಜಾಸ್ತಿ ಇರೋದು ತಗೋತಾರೆ. ಯಾವ ಹುಚ್ಚ ಕಡಿಮೇದು ಕೇಳಿ ತಗೋತಾನೆ?"

"ಕೂತ್ಕೋ, ಹೇಳ್ತೀನಿ. ನಾಳೆ ನಾನು ಇಲ್ಲದಾಗ—"

"ದೇವರೇ!" ಅವಳು ಶಿಲುಬೆಯ ಗುರುತು ಮಾಡಿಕೊಂಡು ಎರಡೂ ಕಿವಿ ಮುಚ್ಚಿಕೊಂಡಳು. "ತಿರುಸಂಜೆ ಹೊತ್ತಲ್ಲಿ ಅಂಥಾ ಮಾತು ಬೇಡ!"

ಆಮೇಲೆ ಎರಡು ಸಲ ಅವನು ಮಾತು ತೆಗೆದ, ಎರಡು ಸಲವೂ ಅವಳು ಅಡುಗೆಮನೆಗೆ ಹೋದಳು. ಅವನೂ ಬಿಟ್ಟುಬಿಟ್ಟ.

*

ನಾಲ್ಕಕ್ಕೆ ಇಗರ್ಜಿಯ ಗಂಟೆ ಬಾರಿಸಬೇಕಿತ್ತು, ಇನ್ನೂ ಮೂರೂವರೆ. ಮಿಂಗೆಲ್‌ನನ್ನು ಮಲಗಿಸಿದ ಪೆಟ್ಟಿಗೆಯನ್ನು ಹಜಾರಕ್ಕೆ ತಂದಿಟ್ಟಿದ್ದರು. ಮಿಲಾಗ್ರಿನ್ ಪಾದ್ರಿಯನ್ನು ಕರೆಯಲು ಹೋಗಿದ್ದಳು. ಪೆಟ್ಟಿಗೆಯ ಬಳಿ ಉಳಿದವರು ಅರ್ಮಿಂದಾ ಮತ್ತು ರೊಕ್ ಇಬ್ಬರೇ.

"ಮುದುಕ ಆಗೋದಕ್ಕೆ ಅಂತ ಇಟ್ಟ, ಇಟ್ಟ, ಇಟ್ಟ," ಎಂದಳು ಅವಳು. "ಮುದುಕನೇ ಆಗಲಿಲ್ಲ ನೋಡು. ಅರವತ್ತೈದಕ್ಕೆ ವೇಲಾಂಕಣಿಗೆ ಕರಕೊಂಡು ಹೋಗ್ತೀನಿ ಅಂದಿದ್ದ. ಇನ್ನು ಪೆನ್ಶನ್ನೂ ನಿಂತುಹೋಯ್ತು. ನಾನು ಮಗಳ ಮನೆ ಬಾಗಿಲಲ್ಲಿ ಕೂತಿರಬೇಕು."

ಮೇಣದ ಬತ್ತಿ ವಾಲಿತ್ತು. ರೊಕ್ ಅದನ್ನು ನೆಟ್ಟಗೆ ಮಾಡಿದ. ಅದು ಮತ್ತೆ ವಾಲಿತು.

"ನಿಲ್ಲಲ್ಲ, ಕೊಮಾರ್."

"ಏನು?"

"ಪೆನ್ಶನ್. ಮುಂದಿನ ತಿಂಗಳಿಂದ ನಿನಗೆ ಬರತ್ತೆ. ನೀನು ಇರೋವರೆಗೂ. ಆ ವಿಮಾ ಆಫೀಸರ್ ನಮ್ಮಿಬ್ಬರಿಗೂ ಒಂದೇ ಮಾತು ಕೇಳಿದ. ನಿಮ್ಮ ಜೀವ ಇರೋವರೆಗೆ ಮಾತ್ರ ಸಾಕಾ, ಜಾಸ್ತಿ ಬರತ್ತೆ. ನಿಮ್ಮ ಹಿಂದೆ ಹೆಂಡ್ತಿಗೂ ಬೇಕಾ, ಕಡಿಮೆ ಬರತ್ತೆ. ಇವನು ಒಂದು ಕ್ಷಣಾನೂ ಯೋಚನೆ ಮಾಡಲಿಲ್ಲ."

ಅರ್ಮಿಂದಾ ಗಂಡನ ಮುಖ ನೋಡಿದಳು. ಅದರಲ್ಲಿ ಏನೂ ಇರಲಿಲ್ಲ. ಮೂರು ವರ್ಷ, ಪೆನ್ಶನ್ ಬರುವ ಪ್ರತಿ ಒಂದನೇ ತಾರೀಕು ಅವನ ಮುಂದೆ ತಟ್ಟೆ ಕುಕ್ಕಿದ್ದಳು.

"ನನಗೆ ದುಡ್ಡು ಬೇಡವಾಗಿತ್ತು, ಕೊಂಪಾರ್. ಇವನು ಇನ್ನೊಂದು ಹತ್ತು ವರ್ಷ ಆ ಚಪ್ಪಲಿ ಎಳಕೊಂಡು ಓಡಾಡಿದ್ರೆ ಸಾಕಿತ್ತು."

"ಗೊತ್ತು."

ಅವಳು ಅವನ ಕಡೆ ನೋಡಿ ಕೇಳಿದಳು, "ನೀನು ಯಾವುದು ತಗೊಂಡೆ?"

ರೊಕ್ ಕೈಯೊರೆಸಿಕೊಂಡ. ಜಗಲಿಯಿಂದ ಸಾಂತಾನಳ ದನಿ ಬರುತ್ತಿತ್ತು. ಬಂದವರಿಗೆ ಸೋಡಾ ಹಂಚಿ ಎಂದು ಯಾರನ್ನೋ ಗದರುತ್ತಿದ್ದಳು.

"ಬಸ್ಸಿಳಿದು ಮನೆಗೆ ಹೋದಾಗ ನನಗೆ ಇವನಿಗಿಂತ ಜಾಸ್ತಿ ಅಂತ ಅವಳಿಗೆ ಹೇಳಿದೆ. ಆ ದಿನ ಕೋಳಿ ಶಕೂತಿ ಸಾರು ಮಾಡಿ ಹಾಕಿದ್ಲು." ಅವನು ಜಗಲಿಯ ಕಡೆ ನೋಡಿದ. "ಮನೆ ಮೇಲೂ ಸಾಲ ಇದೆ. ನಾನು ಹೀಗೆ ಮಲಗಿದ್ರೆ ಅವಳಿಗೆ ಆ ಎರಡು ಸಿಂಹ ಮಾತ್ರ."

"ಬದಲಾಯಿಸೋಕೆ ಆಗಲ್ವಾ?"

"ಹೋಗಿ ಕೇಳಿದೆ. ಆಗಲ್ಲ ಅಂದ್ರು."

"ಅವಳಿಗೆ ಹೇಳು."

"ಹೇಗೆ ಹೇಳಲಿ?"

"ಇವನಿಗೆ ನಾನು ಹೇಳೋಕೆ ಬಿಡಲಿಲ್ಲ," ಎಂದಳು ಅರ್ಮಿಂದಾ. "ನಿನ್ನ ಹೆಂಡ್ತಿ ಕಿವಿ ಮುಚ್ಚಿಕೊಂಡ್ರೆ ಕೈ ಹಿಡಿದು ತೆಗೆದು ಹೇಳು. ಇನ್ನೂ ಕೈಕಾಲು ಗಟ್ಟಿ ಇದೆ ಅವಳಿಗೆ, ಏನಾದ್ರೂ ದಾರಿ ಹುಡುಕ್ತಾಳೆ. ಇವತ್ತೇ ಹೇಳು."

ಗಂಟೆ ಬಾರಿಸಿತು. ಹೆಂಗಸರು ಒಳಗೆ ನುಗ್ಗಿದರು. ಎಲ್ಲರಿಗಿಂತ ಮುಂದೆ ಸಾಂತಾನ. ಅರ್ಮಿಂದಾಳನ್ನು ತಬ್ಬಿ ಜೋರಾಗಿ ಅತ್ತಳು. ಆ ಅಳು ಸುಳ್ಳಾಗಿರಲಿಲ್ಲ. ಅರ್ಮಿಂದಾ ಅವಳ ಬೆನ್ನನ್ನು ಸವರುತ್ತ ನಿಂತಳು, ಗಂಡನನ್ನು ಕಳೆದುಕೊಂಡವಳು ಸಾಂತಾನಳೇ ಏನೋ ಎಂಬಂತೆ.

ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಯಿತು, ಎಲ್ಲರೂ ಗುಂಡಿಗೆ ಒಂದೊಂದು ಹಿಡಿ ಮಣ್ಣು ಹಾಕಿದರು. ಮನೆಗೆ ಬಂದವರಿಗೆ ಕಾಫಿ, ಬಿಸ್ಕತ್ತು. ಬಿಸಿಲು ಕೆಂಪಾಗುವ ಹೊತ್ತಿಗೆ ಜನ ಕರಗಿದರು. ಮಿಲಾಗ್ರಿನ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತ ತಾಯಿಯನ್ನು ಕೇಳಿದಳು.

"ಮಾಯ್, ಸ್ವಲ್ಪ ಗಂಜಿ ಕುಡೀತೀಯಾ?"

"ಆಮೇಲೆ ಕುಡೀತೀನಿ."

ಅರ್ಮಿಂದಾ ಕಿಟಕಿಯ ಬಳಿ ನಿಂತಿದ್ದಳು. ಅಡ್ಡದಾರಿ ಹಿಡಿದು ಗದ್ದೆಯ ಬದುವಿನ ಮೇಲೆ ರೊಕ್ ಮತ್ತು ಸಾಂತಾನ ಮನೆಗೆ ಹೋಗುತ್ತಿದ್ದರು. ಸಾಂತಾನ ಮುಂದೆ, ಕೈ ಆಡಿಸಿ ಏನೋ ಹೇಳುತ್ತ. ಅರ್ಧ ದಾರಿಯಲ್ಲಿ ರೊಕ್ ನಿಂತ. ಅವಳು ಹತ್ತು ಹೆಜ್ಜೆ ಹೋಗಿ ತಿರುಗಿ ಬಂದಳು. ಅವನು ತಲೆ ತಗ್ಗಿಸಿ ಮಾತಾಡಿದ. ಅವಳ ಕೈ ಆಡುವುದು ನಿಂತಿತು.

ಆಮೇಲೆ ರೊಕ್ ತನ್ನ ಕೋಟು ಬಿಚ್ಚಿ, ಅವಳು ಕೂರಲೆಂದು ಬದುವಿನ ಮೇಲೆ ಹಾಸಿದ. ಸಾಂತಾನ ಅದರ ಮೇಲೆ ಕೂರಲಿಲ್ಲ. ತನ್ನ ಒಳ್ಳೆಯ ಕಪ್ಪು ಬಟ್ಟೆಯಲ್ಲೇ ಪಕ್ಕದ ಕೆಸರು ಹುಲ್ಲಿನ ಮೇಲೆ, ಅವನಿಗೆ ಬೆನ್ನು ಮಾಡಿ ಕೂತಳು. ಖಾಲಿ ಕೋಟಿನ ಆಚೆ ರೊಕ್ ನಿಂತೇ ಇದ್ದ.