ಅಪ್ಪನ ಬಡಿತ

ಗುಣಪಾಲ ಡೋಲಿನ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಬಿಗಿಯುತ್ತಿದ್ದಾಗ ಯಾರೋ ಬಂದು ಡೋಲಿನ ಮೇಲೆ ಕೈಯಿಟ್ಟರು. ತಲೆಯೆತ್ತಿದರೆ ಅಣ್ಣನ ಮಗಳು ನಿಲ್ಮಿಣಿ. ಬಿಳಿ ಸೀರೆ, ಅತ್ತು ಊದಿದ ಕಣ್ಣು.

"ಬೇಡ ಚಿಕ್ಕಪ್ಪ."

"ಏನು ಬೇಡ?"

"ಡೋಲು ಬೇಡ. ಅಷ್ಟು ದೊಡ್ಡ ಗಾಯಕರು, ರತ್ನವೀರ ಮಹತ್ತಯಾ ಬಂದಿದಾರೆ. ಟೀವಿಯವರೂ ಬಂದಿದಾರೆ. ಅಪ್ಪ ಸ್ಯಾಕ್ಸೊಫೋನ್ ನುಡಿಸಿದ್ದನ್ನೇ ಸ್ಪೀಕರಲ್ಲಿ ಹಾಕ್ತಾರಂತೆ. ನಾವು ಯಾವ ಜನ ಅಂತ ಇವತ್ತೇ ಸಾರಬೇಕಾ?"

ಗುಣಪಾಲನ ಮೈ ಉರಿದುಹೋಯಿತು. ಬಲಪಿಟಿಯದ ಈ ಕಡಲ ದಂಡೆಯಲ್ಲಿ ಐವತ್ತು ವರ್ಷಗಳಿಂದ ಸತ್ತವರನ್ನೆಲ್ಲ ಮಸಣಕ್ಕೆ ಕಳಿಸಿಕೊಟ್ಟದ್ದು ಅವನ ಡೋಲು. ಮೀನು ಹಿಡಿಯುವವರು, ದಾಲ್ಚಿನ್ನಿ ಸುಲಿಯುವವರು, ಒಬ್ಬ ಮಂತ್ರಿ ಕೂಡ. ಈಗ ಒಡಹುಟ್ಟಿದ ಅಣ್ಣ ಪಿಯತಿಸ್ಸ ಮಾತ್ರ ಸ್ಪೀಕರಿನ ಹಿಂದೆ ಹೋಗಬೇಕಂತೆ.

"ಊರಿಗೆ ಗೊತ್ತಿರೋದೇ ಮಗಳೇ. ಗೊತ್ತಿಲ್ಲದೆ ಇರೋದು ನಿನ್ನ ಕೊಲಂಬೋದವರಿಗೆ."

"ಬಾರಿಸಲ್ಲ ಅಂತ ಮಾತು ಕೊಡಿ."

ಅವನು ಮಾತು ಕೊಡಲಿಲ್ಲ. ಡೋಲನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋದ. ಸಾವಿನ ಮನೆಯ ಪದ್ಧತಿಯಂತೆ ಗೋಡೆಯ ಪಟಗಳನ್ನೆಲ್ಲ ಹಿಂದುಮುಂದಾಗಿ ತಿರುಗಿಸಿದ್ದರು. ಶವಪೆಟ್ಟಿಗೆಯ ತಲೆಯ ಬಳಿ ಅಣ್ಣನ ವಾದ್ಯಗಳನ್ನು ಸಾಲಾಗಿ ಇಟ್ಟಿದ್ದರು: ಮ್ಯಾಂಡೊಲಿನ್, ಪಿಟೀಲು, ಸಿತಾರ್, ಕೊಳಲು, ಸ್ಯಾಕ್ಸೊಫೋನ್. ಅವುಗಳ ಮುಂದೆ ಗಾಯಕ ಡೆನ್ಜಿಲ್ ರತ್ನವೀರ ಕ್ಯಾಮೆರಾಗೆ ಸರಿಯಾಗಿ ಕಾಣುವಂತೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ.

ಆ ಸಾಲಿನಲ್ಲಿ ಡೋಲು ಇರಲಿಲ್ಲ.

*

ಪಿಯತಿಸ್ಸನಿಗೆ ಹದಿನೇಳಾದಾಗ ಅಪ್ಪ ಡೋಲಿನ ಕೋಲನ್ನು ಕೈಗಿಟ್ಟಿದ್ದ. "ಸತ್ತವರ ಮನೆ ಅನ್ನ ನನಗೆ ಬೇಡ," ಎಂದು ಕೋಲನ್ನು ಅಂಗಳಕ್ಕೆಸೆದು ಅವನು ರೈಲು ಹತ್ತಿದ. ಹೆಗಲು ಬದಲಾಯಿತು, ಅಷ್ಟೆ. ಡೋಲು ಗುಣಪಾಲನ ಪಾಲಿಗೆ ಬಂತು.

ಕೊಲಂಬೋದಲ್ಲಿ ಒಬ್ಬ ಮಲಯ ದರ್ಜಿ ಪಿಯತಿಸ್ಸನಿಗೆ ಮ್ಯಾಂಡೊಲಿನ್ ಕಲಿಸಿದ. ಜಾಫ್ನಾದ ತಮಿಳು ಮೇಷ್ಟ್ರು ಪಿಟೀಲು ಹಿಡಿಸಿದರು. ಹೋಟೆಲಿನ ಬ್ಯಾಂಡಿನ ಮುದುಕ ಸ್ಯಾಕ್ಸೊಫೋನ್ ಊದಿಸಿದ. ಕಲಿತದ್ದು ದೊಡ್ಡದಲ್ಲ, ಒಬ್ಬರ ಮುಖ ಒಬ್ಬರು ನೋಡದ ಆ ಮೂವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಒಂದೇ ಹಾಡಿಗೆ ನುಡಿಸುವಂತೆ ಮಾಡಿದನಲ್ಲ, ಅದು ದೊಡ್ಡದು. ರತ್ನವೀರನ ಹಾಡುಗಳಿಗೆಲ್ಲ ಬೆನ್ನೆಲುಬಾಗಿ ನಿಂತವನೂ ಅವನೇ. ಅಷ್ಟರಲ್ಲಿ ಜಾತಿ ಹೇಳುವ ಮನೆಹೆಸರನ್ನು ಪೇಪರಿನಲ್ಲಿ ಪ್ರಕಟಿಸಿ ಬದಲಾಯಿಸಿಕೊಂಡಿದ್ದ.

ಅಪ್ಪ ಸತ್ತ ವರ್ಷ, ಒಂದು ಮಧ್ಯಾಹ್ನ, ಟೇಪ್ ರೆಕಾರ್ಡರ್ ಹಿಡಿದುಕೊಂಡು ಊರಿಗೆ ಬಂದ.

"ಅಪ್ಪನ ಬಡಿತ ಒಂದ್ಸಲ ಬಾರಿಸೋ."

"ಯಾಕೆ, ಯಾರು ಸತ್ತಿದಾರೆ?"

"ಬಾರಿಸೋ ಅಂದ್ರೆ."

ಗುಣಪಾಲ ಬಾರಿಸಿದ. ಮಸಣದ ದಾರಿಯ ನಿಧಾನದ ಬಡಿತ, ನಾಲ್ಕು ಹೆಜ್ಜೆಗೊಮ್ಮೆ ತಡೆದು ನಿಲ್ಲುವಂಥದ್ದು. ಅದನ್ನು ಹಾಗೆ ತಡೆಯುತ್ತಿದ್ದದ್ದು ಅವರಪ್ಪ ಒಬ್ಬನೇ. ಪಿಯತಿಸ್ಸ ಕಣ್ಣು ಮುಚ್ಚಿ ತೊಡೆಯ ಮೇಲೆ ಅದನ್ನೇ ದುಪ್ಪಟ್ಟು ವೇಗದಲ್ಲಿ ತಟ್ಟುತ್ತ ಕೂತ.

ಮರುವರ್ಷ ರತ್ನವೀರನ ದೋಣಿಯ ಹಾಡು ಬಂತು. ದ್ವೀಪವೆಲ್ಲ ಹುಚ್ಚೆದ್ದು ಕುಣಿಯಿತು. ಇವತ್ತಿಗೂ ಆ ಹಾಡಿಲ್ಲದೆ ಮದುವೆಯ ಊಟ ಮುಗಿಯುವುದಿಲ್ಲ. ಗುಣಪಾಲ ಟೀ ಅಂಗಡಿಯ ರೇಡಿಯೋದಲ್ಲಿ ಅದನ್ನು ಮೊದಲ ಸಲ ಕೇಳಿ ಲೋಟ ಕುಕ್ಕಿ ಎದ್ದಿದ್ದ. ಜಗಳವಾಡಲು ಕೊಲಂಬೋಗೇ ಹೋಗಿದ್ದ.

"ಯಾರಿಗೂ ಹೇಳಬೇಡ ಗುಣೇ," ಎಂದು ಅಣ್ಣ ಕೈ ಹಿಡಿದುಕೊಂಡಿದ್ದ. "ಮದುವೆ ಮನೇಲಿ ಸಾವಿನ ಡೋಲು ಅಂತ ಗೊತ್ತಾದ್ರೆ ನನ್ನ ಯಾರೂ ಒಳಗೆ ಸೇರಿಸಲ್ಲ."

"ನಾಚಿಕೆ ಆಗಲ್ವಾ ನಿನಗೆ?"

"ಆಗತ್ತೆ. ನಾನು ಸತ್ತ ಮೇಲೆ ಹೇಳು."

ಅಣ್ಣನ ಮೇಲಿನ ಸಿಟ್ಟು ನಲವತ್ತು ವರ್ಷವಾದರೂ ಆರಿರಲಿಲ್ಲ. ಬಾಯಿ ಮಾತ್ರ ಹೊಲಿದುಕೊಂಡೇ ಇದ್ದ.

*

ಮಸಣದಲ್ಲಿ ಭಿಕ್ಷುಗಳ ಪಠಣ ಮುಗಿಯಿತು. ನಿಲ್ಮಿಣಿಯೂ ಗುಣಪಾಲನೂ ಒಂದೇ ಹೂಜಿ ಹಿಡಿದು, ಸತ್ತವನಿಗೆ ಪುಣ್ಯ ಸೇರಲೆಂದು, ಬಟ್ಟಲು ತುಂಬಿ ಹರಿಯುವಂತೆ ನೀರು ಸುರಿದರು. ಆಮೇಲೆ ಸತ್ತವನ ಗುಣ ಹೇಳುವ ಸರದಿ. ರತ್ನವೀರ ಮೈಕ್ ಹಿಡಿದ.

"ದೋಣಿ ಹಾಡಿನ ತಾಳ ಎಲ್ಲಿಂದ ಬಂತು ಅಂತ ಎಲ್ಲರೂ ಕೇಳ್ತಾರೆ. ಒಂದು ಸಂಜೆ ಕಡಲ ತೀರದಲ್ಲಿ ಕೂತಿದ್ದೆ. ಅಲೆ ಹೊಡೀತಿತ್ತು. ಅದು ನನಗೆ ಹೊಳೀತು. ಬಾಯಲ್ಲಿ ಹೇಳಿದೆ. ಪಾಪ, ನಮ್ಮ ಪಿಯತಿಸ್ಸ ಹೇಳಿದ್ದನ್ನ ಹೇಳಿದ ಹಾಗೆ ನುಡಿಸಿದ. ಅಷ್ಟು ವಿಧೇಯ."

ಪಾಪ ಅಂತೆ! ವಿಧೇಯ ಅಂತೆ! ಗುಣಪಾಲನ ಕಿವಿ ಕಾದುಹೋಯಿತು. ಅಣ್ಣ ಕದ್ದಿದ್ದರೂ ತನ್ನಪ್ಪನ ಮನೆಯಿಂದ ಕದ್ದ. ಇವನು ಯಾರಪ್ಪನ ಮನೆಯದನ್ನು ಕದಿಯುತ್ತಿದ್ದಾನೆ?

ಕೋಲು ಡೋಲಿಗೆ ಬಿತ್ತು.

"ಚಿಕ್ಕಪ್ಪ!" ನಿಲ್ಮಿಣಿ ಚೀರಿದಳು.

ಅವನು ನಿಲ್ಲಿಸಲಿಲ್ಲ. ಮೊದಲು ನಿಧಾನದ ಬಡಿತ. ಊರವರು ತಲೆ ತಗ್ಗಿಸಿದರು. ಅವರ ಅಪ್ಪ ಅಮ್ಮಂದಿರೆಲ್ಲ ಹೋದದ್ದು ಇದರ ಹಿಂದೆಯೇ. ಕೊಲಂಬೋದವರು ಮುಖ ಸಿಂಡರಿಸಿದರು. ಆಮೇಲೆ ಗುಣಪಾಲ ಒಂದು ಪೆಟ್ಟನ್ನೂ ಬದಲಿಸದೆ ವೇಗ ಹೆಚ್ಚಿಸಿದ. ತಡೆದು ನಿಲ್ಲುವ ಕಡೆ ತಡೆದ. ಇನ್ನೂ ಹೆಚ್ಚಿಸಿದ.

ಹಿಂದಿನ ಸಾಲಿನಲ್ಲಿ ಒಬ್ಬಾಕೆ ಗಂಡನ ತೋಳು ಹಿಡಿದುಕೊಂಡಳು. "ಅಯ್ಯೋ ದೇವರೇ, ಇದು ನಮ್ಮ ಮದುವೇಲಿ ಹಾಕಿದ ಹಾಡಲ್ವಾ?"

ಮಾತು ಸಾಲಿನಿಂದ ಸಾಲಿಗೆ ಹರಿಯಿತು. ಗುಣಪಾಲನನ್ನು ತಡೆಯಲು ಬಂದ ನಿಲ್ಮಿಣಿ ಅರ್ಧ ದಾರಿಯಲ್ಲೇ ನಿಂತಳು. ಡೋಲನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು.

"ಇದು ನಮ್ಮಪ್ಪ ಉಕ್ಕುವಾನ ಬಡಿತ!" ಗುಣಪಾಲ ಬಾರಿಸುತ್ತಲೇ ಕೂಗಿದ. "ಹೆಣ ಹೊತ್ತು ನಡೆದ ದಾರೀದು. ಕಡಲ ತೀರದ್ದಲ್ಲ!"

"ನಿಲ್ಲಿಸೋ ಅದನ್ನ!" ರತ್ನವೀರ ಮೈಕಿನಲ್ಲೇ ಅರಚಿದ. ಯಾರೂ ಅವನ ಮುಖ ನೋಡಲಿಲ್ಲ. ನೋಡುತ್ತಿದ್ದದ್ದು ಅವನ ಕಾಲನ್ನು. ಹೊಳೆಯುವ ಕರಿ ಬೂಟು ಗುಂಡಿಯ ಕೆಮ್ಮಣ್ಣಿನ ಅಂಚಿನಲ್ಲಿ ತನ್ನ ಪಾಡಿಗೆ ತಾನು ತಾಳ ಹಾಕುತ್ತಿತ್ತು. ಅವನು ಇನ್ನೊಂದು ಬೂಟಿನಿಂದ ಅದನ್ನು ಮೆಟ್ಟಿ ಹಿಡಿಯಲು ನೋಡುತ್ತಿದ್ದ.