ಸಾವಿರ ಮಕ್ಕಳ ಲೆಕ್ಕ

ಡಾಕ್ಟರ ಕೋಣೆಯ ಹೊರಗೆ ರಾನ್ವಾ ಕೂರುವಳು, ಏಳುವಳು, ಮತ್ತೆ ಕೂರುವಳು. ಪಕ್ಕದಲ್ಲಿ ಏಳು ತಿಂಗಳ ಬಸುರಿ ಮಗಳು ಸೋಲ್ಯಾ ಆರಾಮಾಗಿ ಬಿಸ್ಕತ್ತು ತಿನ್ನುತ್ತಿದ್ದಳು. ಸೋಲ್ಯಾ ಹೊಟ್ಟೆಯಲ್ಲಿದ್ದಾಗ ಶುರುವಾದ, ಬಸುರಿಯರ ಊಟದಿಂದ ಮಕ್ಕಳಿಗೆ ಏನಾಗುತ್ತದೆ ಎಂಬ ಸಂಶೋಧನೆ ಇನ್ನೂ ಮುಗಿದಿರಲಿಲ್ಲ. ಅಂದು ತಾಯಿಯ ಕೂದಲು, ಹೊಕ್ಕುಳಬಳ್ಳಿಯ ರಕ್ತ ತೆಗೆದುಕೊಂಡವರು ಈಗ ಹುಟ್ಟಲಿರುವ ಕೂಸನ್ನೂ ಸೇರಿಸಿಕೊಳ್ಳುತ್ತೇವೆ ಎಂದಿದ್ದರು.

ಸೋಲ್ಯಾ ಹುಟ್ಟಿದ ವರ್ಷ ಫೆರೋ ದ್ವೀಪಗಳ ನಮ್ಮ ಕೊಲ್ಲಿಗೆ ತಿಮಿಂಗಿಲಗಳು ಹಿಂಡುಹಿಂಡಾಗಿ ಬಂದಿದ್ದವು. ಬೇಟೆಯ ಮಾಂಸ ಮನೆಮನೆಗೂ ಪಾಲಾಗಿ ಬರುವುದು ನಮ್ಮಲ್ಲಿ ರೂಢಿ. ರಾನ್ವಾಗೆ ಅದರ ಒಣಮಾಂಸದ ಮೇಲೆ ಬಯಕೆ ಎಂದು ತಿಳಿದದ್ದೇ ತಡ, ನೆರೆಹೊರೆಯವರೆಲ್ಲ ತಮ್ಮ ಪಾಲಿನಿಂದ ಒಂದೊಂದು ತುಂಡು ಕೊಯ್ದು ತಂದುಕೊಟ್ಟರು. ಬಸುರಿಯ ಬಾಯಿಗೆ ಇಲ್ಲ ಎನ್ನುವುದುಂಟೆ? ರಾನ್ವಾ ಹೊಟ್ಟೆ ತುಂಬ ತಿಂದಳು. ಅದರಲ್ಲಿ ಪಾದರಸ ಇರುತ್ತದೆ, ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಒಳ್ಳೆಯದಲ್ಲ ಎಂದು ರೇಡಿಯೊದಲ್ಲಿ ಹೇಳುವ ಹೊತ್ತಿಗೆ ಸೋಲ್ಯಾ ಅಂಗಳದಲ್ಲಿ ಓಡಾಡುತ್ತಿದ್ದಳು.

ಸೋಲ್ಯಾಗೆ ಏಳು ವರ್ಷವಾದಾಗ ಸಂಶೋಧನೆಯವರು ನಡೆಸಿದ ಪರೀಕ್ಷೆಯಲ್ಲಿ, ಕೇಳಿಸಿಕೊಂಡ ಪದಗಳನ್ನು ಹುಡುಗಿ ತಿರುಗಿ ಹೇಳಬೇಕಿತ್ತು. ಅವಳು ಬಾಯಿಯೇ ಬಿಡಲಿಲ್ಲ. ಗಾಜಿನ ಆಚೆಯಿಂದ ನೋಡುತ್ತಿದ್ದ ರಾನ್ವಾ, ಇದು ಪಾದರಸದ್ದೇ ಕೆಲಸ ಎಂದುಕೊಂಡಳು. ಆಮೇಲೆ ಅವಳಿಗೆ ನೆಮ್ಮದಿ ಎಂಬುದೇ ಇಲ್ಲ. ಮಗಳು ಲೆಕ್ಕ ತಪ್ಪಿದರೂ ತಾನು ತಿಂದದ್ದರಿಂದ, ಬೀಗದ ಕೈ ಮರೆತರೂ ತಾನು ತಿಂದದ್ದರಿಂದ! ಸೋಲ್ಯಾ ದೋಣಿಗಳ ಇಂಜಿನ್ ಬಿಚ್ಚಿ ಜೋಡಿಸುವಷ್ಟು ಗಟ್ಟಿಗಿತ್ತಿಯಾದರೂ ತಾಯಿಯ ಕೊರಗು ಹೋಗಲಿಲ್ಲ.

ಒಳಗೆ ಕರೆದದ್ದೇ ರಾನ್ವಾ ನೇರವಾಗಿ ಕೇಳಿಬಿಟ್ಟಳು: ತನ್ನಿಂದ ಮಗಳಿಗೆ ಕೆಡುಕಾಯಿತೋ, ಇಲ್ಲವೋ? ಡಾಕ್ಟರ್ ಹಾನುಸ್ ಚಿಕ್ಕ ವಯಸ್ಸಿನವನು. ಸಾವಿರ ಮಕ್ಕಳನ್ನು ಒಟ್ಟಿಗೆ ನೋಡಿದರೆ ಏನಾದರೂ ಹೇಳಬಹುದು, ಒಂದು ಮಗುವಿನ ಬಗ್ಗೆ ಹೇಳಲು ಬರುವುದಿಲ್ಲ ಎಂದ.

"ಸಾವಿರ ಹೆತ್ತಿಲ್ಲ ಡಾಕ್ಟ್ರೇ ನಾನು. ಹೆತ್ತಿದ್ದು ಒಂದೇ."

ರಾನ್ವಾ ಮಗಳತ್ತ ತಿರುಗಿ, ಇದಕ್ಕೆ ಸೇರಲೇಬೇಡ, ಇವರಿಂದ ಸಿಗುವುದು ಜನ್ಮಪೂರ್ತಿ ಚಿಂತೆಯೊಂದೇ ಎಂದು ರೇಗಿದಳು.

ಸೋಲ್ಯಾ ಮಡಿಲಿನ ಮೇಲೆ ಬಿದ್ದಿದ್ದ ಬಿಸ್ಕತ್ತಿನ ಪುಡಿ ಕೊಡವಿದಳು. "ಅಮ್ಮ, ಆವತ್ತು ಆ ಪದ ಎಲ್ಲಾ ನಂಗೆ ಗೊತ್ತಿತ್ತು. ಗಾಜಿನ ಆ ಕಡೆ ನೀನು ಅಳ್ತಾ ನಿಂತಿದ್ದೆ. ನಿನ್ನೇ ನೋಡ್ತಾ ಕೂತ್ಬಿಟ್ಟೆ."

ರಾನ್ವಾ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ವೇ?"

"ನನ್ನ ನೀನು ಕೇಳ್ಲೇ ಇಲ್ವಲ್ಲಮ್ಮ. ಇವರನ್ನೇ ಕೇಳ್ತಿದ್ದೆ."

ತಾನು ಸೇರುತ್ತೇನೆ ಎಂದು ಸೋಲ್ಯಾ ಹಾನುಸ್‌ಗೆ ತಿಳಿಸಿದಳು. ದಾದಿ ಕತ್ತರಿ ಹಿಡಿದು ಬಂದಾಗ, ಕತ್ತಿನ ಬಳಿಯ ಕೂದಲು ಕೊಡಲು ತಲೆ ಬಗ್ಗಿಸಿದಳು. ರಾನ್ವಾಳ ಕಣ್ಣು ತುಂಬಿ ಬಂತು. ಮಗಳು ತಲೆಯೆತ್ತುವ ಮೊದಲೇ ಅವಳು ಗೋಡೆಯ ಕಡೆ ಮುಖ ಮಾಡಿ ನಿಂತಳು.