ಚೀಟಿಯಲ್ಲಿಲ್ಲದ ಹನ್ನೆರಡನೆಯದು

ನನ್ನ ಮೈಮೇಲೆ ಅಂಟಿಸಿದ ಚೀಟಿಯಲ್ಲಿ ಹನ್ನೊಂದು ಪದಾರ್ಥಗಳ ಹೆಸರುಗಳಿದ್ದವು. ನನ್ನೊಳಗೆ ತುಂಬಿದ್ದು ಹನ್ನೆರಡು.

ನಾನು ಒಂದು ಪ್ಲಾಸ್ಟಿಕ್ ಡಬ್ಬಿ. ಎರಡು ಕೆಜಿ ಪ್ರೋಟೀನ್ ಪುಡಿ ಹಿಡಿಯುವಷ್ಟು ಹೊಟ್ಟೆ, ಕರಿ ಮೈ, ಬಂಗಾರದ ಬಣ್ಣದ ಅಗಲ ಮುಚ್ಚಳ. ಹುಟ್ಟಿದ್ದು ಒಂದು ದೊಡ್ಡ ನಗರದ ಹೊರಗೆ, ಕಾರ್ಖಾನೆಗಳ ಬಡಾವಣೆಯಲ್ಲಿ. ಕಾದ ಪ್ಲಾಸ್ಟಿಕ್ಕಿನೊಳಗೆ ಯಂತ್ರ ಗಾಳಿ ಊದಿತು. ನಾನು ಉಬ್ಬಿ ಅಚ್ಚಿನ ಗೋಡೆಗೆ ಅಂಟಿಕೊಂಡೆ. ಅಚ್ಚು ತೆರೆದಾಗ ಡಬ್ಬಿಯಾಗಿದ್ದೆ. ಒಡಹುಟ್ಟಿದ ನೂರಾರು ಡಬ್ಬಿಗಳ ಜೊತೆ ನನ್ನನ್ನು ಚೀಲಕ್ಕೆ ತುಂಬಿ ಹಿಂದಿನ ರಸ್ತೆಯ ತಗಡಿನ ಶೆಡ್ಡಿಗೆ ಸಾಗಿಸಿದರು.

ಶೆಡ್ಡಿನಲ್ಲಿ ಪುಡಿ ಬೆರೆಸುವ ಡ್ರಮ್ಮು ತಿರುಗುತ್ತಿತ್ತು. ಮೂಗಿಗೆ ಸೆರಗು ಕಟ್ಟಿಕೊಂಡ ಒಬ್ಬ ಹೆಂಗಸು ಒಂದೊಂದನ್ನೇ ತೂಗಿ ಅದರೊಳಗೆ ಸುರಿಯುತ್ತಿದ್ದಳು. ಕೊನೆಗೆ ಮೇಸ್ತ್ರಿ ಬಂದು, ಹೆಸರಿಲ್ಲದ ಒಂದು ಚೀಲದಿಂದ ತಾನೇ ಎರಡು ಸೌಟು ಹಾಕಿದ.

"ಅದೇನಣ್ಣ, ಅದನ್ನ ಮಾತ್ರ ನೀವೇ ಹಾಕ್ತೀರ?"

"ಇದು ಹಾಕ್ದಿದ್ರೆ ಜನಕ್ಕೆ ಫರಕೇ ಗೊತ್ತಾಗಲ್ಲ ಕಣಮ್ಮ. ತಿಂಗಳೊಳಗೆ ತೋಳು ತುಂಬ್ಕೋಬೇಕು. ಇಲ್ದಿದ್ರೆ ಇನ್ನೊಂದು ಡಬ್ಬಿ ಯಾರು ತಗೋತಾರೆ?"

"ಚೀಟೀಲಿ ಬರ್ದಿಲ್ವಲ್ಲ?"

"ನೀನು ಚೀಟಿ ಓದಕ್ಕೆ ಬಂದಿದೀಯೋ, ತುಂಬಕ್ಕೆ ಬಂದಿದೀಯೋ?"

ಅವಳು ಮತ್ತೆ ತಕ್ಕಡಿಗೆ ಕೈ ಹಾಕಿದಳು. ಇನ್ನೊಂದು ಮಾತಾಡಿದ್ದರೆ ಮರುದಿನ ಗೇಟಿನ ಹೊರಗಿರುತ್ತಿದ್ದಳು. ನನ್ನ ಆಯುಷ್ಯದಲ್ಲಿ ಆ ಪ್ರಶ್ನೆಯನ್ನು ಅದು ಉಪಯೋಗಕ್ಕೆ ಬರುವ ಹೊತ್ತಿನಲ್ಲಿ ಕೇಳಿದವಳು ಅವಳೊಬ್ಬಳೇ.

ಚೀಟಿಯ ಮೇಲೆ ಅಂಗಿಯಿಲ್ಲದ ಒಬ್ಬ ಗಂಡಸಿನ ಚಿತ್ರವಿತ್ತು. ತಲೆ ಕತ್ತರಿಸಿ ಎದೆ, ತೋಳು ಮಾತ್ರ ಉಳಿಸಿದ್ದರು. 'ನೂರಕ್ಕೆ ನೂರು ಶುದ್ಧ' ಎಂದು ಇಂಗ್ಲಿಷಿನಲ್ಲಿ ದಪ್ಪ ಅಕ್ಷರ. ಹನ್ನೊಂದು ಹೆಸರುಗಳು ಮಾತ್ರ ಇರುವೆಗಿಂತ ಸಣ್ಣವು.

ಲಾರಿ ಹತ್ತಿ ಗದಗಕ್ಕೆ ಬಂದೆ. ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಅಂಗಡಿಯ ಗಾಜಿನ ಕಪಾಟಿನಲ್ಲಿ ಎರಡು ತಿಂಗಳು ನಿಂತೆ. ಒಂದು ದಿನ ಫಕೀರಪ್ಪ ವಸ್ತಾದರು ಬಂದರು. ಅರವತ್ತು ದಾಟಿದ ವಯಸ್ಸು, ಕುಸ್ತಿಯಲ್ಲಿ ಜಜ್ಜಿ ಮುದ್ದೆಯಾದ ಕಿವಿಗಳು, ಬಿಳಿ ಧೋತರ. ಊರ ಗರಡಿಯಲ್ಲಿ ಗಂಡುಹುಡುಗರಿಗೆ ಕಲಿಸುತ್ತಿದ್ದವರು ಆರು ವರ್ಷದ ಹಿಂದೆ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದು, ಅದಕ್ಕಾಗಿ ಅರ್ಧ ಊರಿನಿಂದ ಬೈಸಿಕೊಂಡಿದ್ದರು.

"ನಮ್ಮ ಹುಡುಗ್ಯಾರು ನ್ಯಾಷನಲ್ ಆಡವರು ಅದಾರ. ಇದರಾಗ ಏನರ ಹೆಚ್ಚುಕಡಿಮಿ ಇದ್ರ ಈಗs ಹೇಳಿಬಿಡಪಾ."

"ಕಾಕಾ, ಮ್ಯಾಲ ಬರದೈತಲ್ರಿ ಎಲ್ಲಾ. ಓದ್ಕೋರಿ," ಅಂದ ಅಂಗಡಿಯವನು, ಮೊಬೈಲಿನಿಂದ ಕಣ್ಣು ಎತ್ತದೆ.

ವಸ್ತಾದರು ಕನ್ನಡಕ ಒರೆಸಿ ನನ್ನನ್ನು ಒಂದು ಸುತ್ತು ತಿರುಗಿಸಿದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ತಲೆಯಿಲ್ಲದ ಗಂಡಸನ್ನು ತುಸು ಹೊತ್ತು ನೋಡಿ, "ತತ್ತಿ ಇಲ್ಲಲ್ಲ ಇದರಾಗ? ಇಬ್ಬರು ಲಿಂಗಾಯತರ ಹುಡುಗ್ಯಾರದಾರ," ಎಂದು ಕೇಳಿದರು. ಇಲ್ಲ ಅಂದ ಮೇಲೆ ಸಮಾಧಾನದಿಂದ ನನ್ನನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟರು.

ಗರಡಿಯಲ್ಲಿ ನನಗೆ ಬಾದಾಮಿಯ ಡಬ್ಬಿಯ ಪಕ್ಕ ಜಾಗ ಸಿಕ್ಕಿತು. ಬೆಳಿಗ್ಗೆ ಹುಡುಗಿಯರು ಕೆಂಪು ಮಣ್ಣಿನಲ್ಲಿ ಹೊರಳಾಡಿ ಏಳುವಷ್ಟರಲ್ಲಿ ವಸ್ತಾದರು ಬಾದಾಮಿ ಅರೆದು, ಹಾಲಿಗೆ ಕಲಸಿ, ನನ್ನಿಂದ ಒಂದು ಚಮಚ ಪುಡಿ ಸೇರಿಸುತ್ತಿದ್ದರು. ಪೈಲ್ವಾನರ ಈ ಆಹಾರಕ್ಕೆ ಗರಡಿಯಲ್ಲಿ ಖುರಾಕು ಅನ್ನುತ್ತಾರೆ. ಒಂದೇ ಹಿತ್ತಾಳೆಯ ಚರಗಿಯಲ್ಲಿ ಎಲ್ಲರಿಗೂ ಸರದಿ. ವಸ್ತಾದರು ಕೈಯಾರೆ ಕೊಡುತ್ತಾರೆ, ಪೈಲ್ವಾನರು ನಿಂತು ಕುಡಿಯುತ್ತಾರೆ. ಇದರಲ್ಲೇನಿದೆ ಎಂದು ಕೇಳುವ ಪದ್ಧತಿ ಇಲ್ಲ.

ಆ ಸರದಿಯಲ್ಲಿ ಎಲ್ಲರೂ ಹುಲಿಗಿ ಅನ್ನುವ ಹುಲಿಗೆಮ್ಮ ಇದ್ದಳು. ಇಪ್ಪತ್ತು ವರ್ಷ, ಐವತ್ಮೂರು ಕೆಜಿ ವಿಭಾಗ. ಅವಳ ಅವ್ವ ದುರಗವ್ವ ನಗರಸಭೆಯ ಪೌರಕಾರ್ಮಿಕಳು. ಗರಡಿಯ ಮುಂದಿನ ಗಟಾರವನ್ನೂ ಅವಳೇ ಬಳಿಯುವುದು. ಹುಲಿಗಿ ಗರಡಿಗೆ ಬಂದ ಮೊದಲ ದಿನದ ಮಾತನ್ನು ಗರಡಿಯವರು ಇನ್ನೂ ಆಡುತ್ತಿದ್ದರು. ಅವತ್ತು ತನ್ನ ಸರದಿ ಬಂದಾಗ ಅವಳು ಚರಗಿಗೆ ಕೈ ಚಾಚಲಿಲ್ಲವಂತೆ. ಬಗ್ಗಿ ಬೊಗಸೆ ಹಿಡಿದಳಂತೆ, ಅವಳ ಊರಿನಲ್ಲಿ ಅವಳ ಅಜ್ಜಿ ಹಿಡಿಯುತ್ತಿದ್ದ ಹಾಗೆ.

"ಕೈಯಾಗ ಯಾಕ ಹಿಡೀತಿ? ಚರಗಿ ತಗೋ," ಅಂದಿದ್ದರಂತೆ ವಸ್ತಾದರು. "ಅವ್ರ ಬಾಯಿ ಬಾಯಿ, ನಿಂದೇನು ಬಿಲಾ?"

ಎಲ್ಲರೂ ನಕ್ಕರಂತೆ. ಹುಲಿಗಿ ಚರಗಿ ಎತ್ತಿ ಕುಡಿದು, ತುಟಿ ಒರೆಸದೆ ಹಾಗೇ ನಿಂತಳಂತೆ. ಅವತ್ತಿನಿಂದ ಆ ಕೈ ಏನು ಕೊಟ್ಟರೂ ಅವಳು ಪ್ರಶ್ನೆ ಮಾಡಲಿಲ್ಲ. ಓದಿದವರು ಇದನ್ನು ಅಜ್ಞಾನ ಅನ್ನಬಹುದು. ಕುಡಿಯುವ ಪಾತ್ರೆಗಾಗಿ ಮೂರು ತಲೆಮಾರು ಕಾದವರಿಗೆ, ಅದು ಕೈಗೆ ಬಂದ ದಿನವೇ ಒಳಗೇನಿದೆ ಎಂದು ಇಣುಕಿ ನೋಡುವುದು ಎಷ್ಟು ಕಷ್ಟವೆಂದು ಅವರಿಗೆ ಯಾರು ಹೇಳಬೇಕು?

ನಾನು ಬಂದ ವಾರವೇ ರೇಷ್ಮಾ ಎಂಬ ಇನ್ನೊಬ್ಬ ಹುಡುಗಿ ಮುಖ ಕಿವುಚಿದಳು. "ಇದೇನ್ರಿ ವಸ್ತಾದ್ರ, ಸುಣ್ಣ ಕಲಸೀರೇನ್ ಹಾಲಾಗ?"

"ಕೊಟ್ಟದ್ದು ಕುಡಿಯs," ಎಂದು ಅವಳ ಬೆನ್ನಿಗೆ ಗುದ್ದಿದಳು ಹುಲಿಗಿ. "ಮಾವನ ಮನಿಯಾಗ ರುಚಿ ಕೇಳುವಂತಿ."

ತಿಂಗಳೊಳಗೆ ಹುಲಿಗಿಯ ತೋಳು ತುಂಬಿಕೊಂಡಿತು. ಮೇಸ್ತ್ರಿ ಸುಳ್ಳು ಹೇಳಿರಲಿಲ್ಲ. ವಸ್ತಾದರು ಬಾದಾಮಿಯ ಗುಣ ಅಂದರು. ದುರಗವ್ವ, ಮಗಳಿಗೆ ಯಾವ ದೇವಿಯ ಹೆಸರಿಟ್ಟಿದ್ದಳೋ ಆ ಹುಲಿಗೆಮ್ಮ ತಾಯಿಯ ಕೃಪೆ ಅಂದಳು. ನನಗೆ ಗೊತ್ತಿತ್ತು. ಡಬ್ಬಿಗೆ ಮುಚ್ಚಳ ಕೊಟ್ಟಿದ್ದಾರೆ, ಬಾಯಿ ಕೊಟ್ಟಿಲ್ಲ.

ನಾನು ಖಾಲಿಯಾದ ದಿನ ಹುಲಿಗಿ ನನ್ನನ್ನು ಕೇಳಿ ಪಡೆದು ಮನೆಗೆ ಒಯ್ದಳು. "ಅವ್ವಾ, ಮುಚ್ಚಳ ಬಿಗಿ ಐತಿ ನೋಡು. ಖಾರಪುಡಿ ಹಾಕಿಡಾಕ ಚಲೋ." ದುರಗವ್ವ ಬಿಸಿನೀರು ಹಾಕಿ, ಬೂದಿ ಹಚ್ಚಿ, ತೆಂಗಿನ ನಾರಿನಿಂದ ಒಳಗೆ ಹೊರಗೆ ತಿಕ್ಕಿದಳು. ಪುಡಿಯ ವಾಸನೆ ಹೋಗುವವರೆಗೆ ಮೂರು ಸಲ. ಊರೆಲ್ಲ ತೊಳೆಯುವ ಕೈ, ಸ್ವಂತದ ಒಂದು ಡಬ್ಬಿಯನ್ನು ಅಷ್ಟು ಪ್ರೀತಿಯಿಂದ ತೊಳೆದದ್ದನ್ನು ನಾನು ಕಂಡೆ. ಆಮೇಲೆ ಬ್ಯಾಡಗಿ ಖಾರ ತುಂಬಿಕೊಂಡು ಒಲೆಯ ಮೇಲಿನ ಹಲಗೆ ಹತ್ತಿದೆ.

ಅಷ್ಟರಲ್ಲಿ ಹುಲಿಗಿ ರಾಜ್ಯದ ಪಂದ್ಯ ಗೆದ್ದಳು. ಫೈನಲಿನಲ್ಲಿ ಮೈಸೂರಿನ ಹುಡುಗಿಯೊಬ್ಬಳನ್ನು ಎತ್ತಿ ಹಾಕಿದಳಂತೆ. ಅಲ್ಲೇ ಉಚ್ಚೆಯ ಪರೀಕ್ಷೆಗೆ ಕರೆದರಂತೆ. ಮನೆಗೆ ಬಂದು ರೊಟ್ಟಿ ತಿನ್ನುತ್ತ ಅವ್ವನ ಮುಂದೆ ಅದನ್ನೆಲ್ಲ ಹೇಳಿ ನಕ್ಕಳು. ಒಬ್ಬಾಕೆ ಕಣ್ಣೆದುರೇ ನಿಂತಿದ್ದಳಂತೆ, ಬಾಗಿಲು ಹಾಕಲು ಬಿಡಲಿಲ್ಲವಂತೆ. ಒಂದು ಫಾರ್ಮು ಕೊಟ್ಟು, ಏಳು ದಿನದಲ್ಲಿ ತೆಗೆದುಕೊಂಡ ಮಾತ್ರೆ, ಔಷಧ, ಪುಡಿ ಎಲ್ಲ ಬರೆ ಅಂದರಂತೆ.

"ಏನ್ ಬರದಿ?"

"ತಲಿನೋವಿನ ಗುಳಿಗಿ ಒಂದು ತಗೊಂಡಿದ್ನೆಲ್ಲ, ಅದನ್ನ ಬರದೆ."

ಖುರಾಕನ್ನು ಬರೆಯಲಿಲ್ಲ. ಮುಚ್ಚಿಟ್ಟಳೆಂದಲ್ಲ. ಗರಡಿಯಲ್ಲಿ ವಸ್ತಾದರು ಕೊಟ್ಟ ಹಾಲನ್ನು ಯಾರೂ ಔಷಧವೆಂದು ಎಣಿಸುವುದಿಲ್ಲ. ಅವ್ವನ ರೊಟ್ಟಿಯನ್ನು ಫಾರ್ಮಿನಲ್ಲಿ ಬರೆಯುತ್ತಾರೆಯೇ?

ಮುಂದಿನ ತಿಂಗಳು ರಾಷ್ಟ್ರೀಯ ಶಿಬಿರಕ್ಕೆ ಹೋಗಬೇಕಿತ್ತು. ಅಲ್ಲಿ ನಿಂತರೆ ರೈಲ್ವೆಯಲ್ಲಿ ಕೆಲಸ, ಅವ್ವನ ಕೈಯಿಂದ ಕಸಬಾರಿಗೆ ಕೆಳಗಿಡಿಸಬಹುದು. ಶಿಬಿರದ ಪತ್ರಕ್ಕೆ ಕಾಯುತ್ತಿದ್ದಾಗ ಉಚ್ಚೆಯ ಪರೀಕ್ಷೆ ಮಾಡಿದವರಿಂದ ಬೇರೆ ಪತ್ರ ಬಂತು. ಇಂಗ್ಲಿಷಿನಲ್ಲಿದ್ದ ಅದನ್ನು ಹುಲಿಗಿ ಬೆರಳಿಟ್ಟು ಓದಿದಳು. ಅವಳ ಮೂತ್ರದಲ್ಲಿ ಸಿಕ್ಕ ವಸ್ತುವಿನ ಹೆಸರು ಉದ್ದವಿತ್ತು, ಅವಳ ಬಾಯಿಗೆ ಹೊಂದಲಿಲ್ಲ. ನನ್ನ ಹನ್ನೆರಡನೆಯದಕ್ಕೆ ಒಂದು ಹೆಸರಿದೆಯೆಂದು ನನಗೂ ತಿಳಿದದ್ದು ಅವತ್ತೇ.

ಪತ್ರದಲ್ಲಿದ್ದ ನಂಬರಿಗೆ ಅವಳು ಫೋನು ಮಾಡಿ, ಗುಳಿಗೆ ಬಿಟ್ಟರೆ ಗರಡಿಯ ಹಾಲಿಗೆ ಹಾಕುತ್ತಿದ್ದ ಡಬ್ಬಿಯ ಪುಡಿಯೊಂದೇ ತಾನು ತೆಗೆದುಕೊಂಡದ್ದು ಎಂದಳು. ಆ ಕಡೆ ಮಾತಾಡಿದ ಹೆಂಗಸಿನ ದನಿ ಕೆಟ್ಟದಾಗಿರಲಿಲ್ಲ.

"ನೋಡು ತಂಗಿ, ನಿನ್ನ ಮೈಯೊಳಗೆ ಏನು ಸಿಕ್ಕಿದರೂ ಅದಕ್ಕೆ ನೀನೇ ಹೊಣೆ. ಯಾರು ಕೊಟ್ಟರು, ಯಾಕೆ ಕೊಟ್ಟರು ಅನ್ನೋದು ಆಮೇಲಿನ ಮಾತು. ಶಿಕ್ಷೆ ಅಂದರೆ ನಾಲ್ಕು ವರ್ಷ ಕುಸ್ತಿ ಆಡುವ ಹಾಗಿಲ್ಲ. ಎಲ್ಲಿಂದ ಬಂತು, ನಿನಗೆ ಗೊತ್ತಿರಲಿಲ್ಲ ಅಂತ ಸಾಬೀತು ಮಾಡಿದರೆ ಕಡಿಮೆಯಾಗಬಹುದು. ಇಪ್ಪತ್ತು ದಿನದೊಳಗೆ ತಪ್ಪು ಒಪ್ಪಿಕೊಂಡರೂ ಒಂದು ವರ್ಷ ಕಡಿಮೆ. ಆ ಡಬ್ಬಿ ಇದೆಯಾ?"

ಹುಲಿಗಿ ತಲೆಯೆತ್ತಿ ನನ್ನನ್ನು ನೋಡಿದಳು. ದುರಗವ್ವನೂ ನೋಡಿದಳು. ನನ್ನ ಹೊಟ್ಟೆಯಲ್ಲಿ ಖಾರವಿತ್ತು.

"ನಾನs ತೊಳದ್ನೆಲ್ಲs ಯವ್ವಾ," ಅಂದಳು ದುರಗವ್ವ. "ಮೂರು ಸಲ ತೊಳದೆ."

ಅಂಗಡಿಯವನು ಈ ಮಾಲನ್ನು ತಾನು ಇಟ್ಟೇ ಇರಲಿಲ್ಲ ಅಂದ. ಚೀಟಿಯ ಮೇಲಿದ್ದ ಕಂಪನಿ ಫೋನು ಎತ್ತಲಿಲ್ಲ. ಆ ಗಾಜಿನ ಕಪಾಟಿನಲ್ಲಿ ಈಗ ಕೆಂಪು ಡಬ್ಬಿಗಳಿವೆಯಂತೆ, ಚಿತ್ರ ಅದೇ, ಹೆಸರು ಬೇರೆ. ಹೊಣೆ ಎಂಬ ಭಾರವನ್ನು ಮೇಸ್ತ್ರಿ ಕಂಪನಿಗೆ, ಕಂಪನಿ ಅಂಗಡಿಗೆ, ಅಂಗಡಿ ಚೀಟಿಗೆ ದಾಟಿಸಿ ಎಲ್ಲರೂ ಕೈ ಒರೆಸಿಕೊಂಡರು. ದಾಟಿಸಲು ಮುಂದೆ ಯಾರೂ ಇಲ್ಲದವಳ ಹತ್ತಿರ ಅದು ನಿಂತಿತು. ಕಾನೂನಿಗೂ ಅವಳ ವಿಳಾಸವೊಂದೇ ಗೊತ್ತಿತ್ತು.

ಹಾಗೆಂದು ಹುಲಿಗಿ ಕಾನೂನನ್ನು ಬೈಯಲಿಲ್ಲ. ಒಂದು ಮಧ್ಯಾಹ್ನ, ಮೆಣಸಿನಕಾಯಿ ಬಿಡಿಸುತ್ತ ಅವ್ವನಿಗೆ ಹೇಳಿದಳು: "ಮೈಸೂರಿನ ಆ ಹುಡುಗಿ ಸೋತು ಅತ್ಲು ಬೇ. ಆಕೀನ್ನ ನಾ ಕೆಡವಿದ್ನೋ, ಡಬ್ಬಿ ಕೆಡವಿತೋ, ನನಗs ತಿಳಿವಲ್ದು. ಇನ್ನ ಎಂದೂ ತಿಳಿಯಂಗಿಲ್ಲ."

ನನ್ನಿಂದಾದ ಕೇಡುಗಳಲ್ಲಿ ಇದೇ ದೊಡ್ಡದು. ಪದಕ ಹೋದರೆ ಇನ್ನೊಂದು ಗೆಲ್ಲಬಹುದು. ತನ್ನ ತೋಳು ತನ್ನದೇ ಎಂಬ ನಂಬಿಕೆಯನ್ನು ನಾನು ಅವಳಿಂದ ತೆಗೆದಿದ್ದೆ.

ಪತ್ರ ಬಂದ ಹದಿನೇಳನೆಯ ದಿನ ಕುಸ್ತಿ ಸಂಘದ ಕಾರ್ಯದರ್ಶಿ ಮನೆಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟೈಪು ಮಾಡಿದ ಕಾಗದ. ಅವನ ಹಿಂದೆ ಫಕೀರಪ್ಪ ವಸ್ತಾದರು. ಪುಡಿ ಕೊಟ್ಟವನು ನಾನೇ ಎಂದು ಬರೆದುಕೊಡುತ್ತೇನೆಂದು ವಾರದ ಹಿಂದೆ ಇದೇ ಚಾಪೆಯ ಮೇಲೆ ಕುಳಿತು ಹೇಳಿ ಹೋಗಿದ್ದವರು. ಈಗ ಅವರು ಯಾರ ಮುಖವನ್ನೂ ನೋಡಲಿಲ್ಲ. ಹಲಗೆಯ ಮೇಲಿದ್ದ ನನ್ನನ್ನು ನೋಡಿ ಅಲ್ಲಿಂದಲೂ ಕಣ್ಣು ತೆಗೆದರು.

"ಸಹಿ ಒಂದು ಹಾಕಿಬಿಡವಾ. ಮೂರು ವರ್ಷಕ್ಕ ಮುಗೀತದ," ಅಂದ ಕಾರ್ಯದರ್ಶಿ.

"ಏನ್ ಬರದೀರಿ ಅದರಾಗ?" ದುರಗವ್ವ ಕೇಳಿದಳು. "ನನಗ ಓದಾಕ ಬರಂಗಿಲ್ರಿ. ಬಾಯಿಲೆ ಹೇಳ್ರಿ."

ಹುಲಿಗಿಯೇ ಕಾಗದ ತೆಗೆದುಕೊಂಡು ಗಟ್ಟಿಯಾಗಿ ಓದಿದಳು. "ಗೆಲ್ಲುವ ಆಸೆಯಿಂದ, ನಿಷೇಧಿತ ವಸ್ತುವೆಂದು ಗೊತ್ತಿದ್ದೂ, ನಾನೇ ಹೊರಗಿನಿಂದ ತರಿಸಿಕೊಂಡು ಸೇವಿಸಿದ್ದೇನೆ. ನನ್ನ ತರಬೇತುದಾರರಿಗಾಗಲಿ ಗರಡಿಗಾಗಲಿ ಇದು ತಿಳಿದಿರುವುದಿಲ್ಲ."



"ಗರಡಿ ಉಳೀಬೇಕಲ್ಲವಾ," ಅಂದ ಕಾರ್ಯದರ್ಶಿ. "ವಸ್ತಾದರ ಹೆಸರು ಬಂತಂದ್ರ ನಾಳೆ ಬಾಗಿಲಿಗೆ ಬೀಗ. ಇನ್ನ ಹನ್ನೊಂದು ಹುಡುಗ್ಯಾರದಾರ ಅಲ್ಲಿ. ಊರಾಗ ಮೊದಲs ಹೆಣ್ಣು ಕುಸ್ತಿ ಬ್ಯಾಡ ಅನ್ನವರು ಕಾದು ಕುಂತಾರ. ನಿನಗ ಹೆಂಗೂ ಶಿಕ್ಷಾ ತಪ್ಪಂಗಿಲ್ಲ. ಆದದ್ದು ಒಬ್ಬಾಕಿಗೇ ಆಗಲಿ."

"ಆದದ್ದು ಯಾವಾಗ್ಲೂ ನಮಗs ಆಗ್ಲಿ ಅಂತೀರಲ್ರಿ ಸಾಹೇಬ್ರ," ಅಂದಳು ದುರಗವ್ವ, ಮೆಲ್ಲಗೆ.

ಹುಲಿಗಿ ಕಾಗದವನ್ನು ನೆಲದ ಮೇಲಿಟ್ಟಳು. "ನನ್ನ ಹೊಟ್ಟಿಗೆ ಹೋಗೇತಿ, ಅದು ನನ್ನ ಜವಾಬ್ದಾರಿ. ಏನೈತಿ ಇದರಾಗ ಅಂತ ಕೇಳಲಿಲ್ಲ, ಅದು ನನ್ನ ತಪ್ಪು. ಹಂಗಂತ ಬರೀರಿ, ಈಗs ಸಹಿ ಮಾಡ್ತೀನಿ. ಪದಕಾನೂ ಒಯ್ರಿ, ಮೈಸೂರಿನ ಹುಡುಗಿಗೆ ಕೊಡ್ರಿ. ಆದ್ರ ಗೊತ್ತಿತ್ತು ಅಂತ ನಾ ಬರಿಯಂಗಿಲ್ಲ."

"ಹಂಗ ಬರದ್ರ ಅವರು ಕೇಳತಾರ, ಮತ್ತ ಯಾರು ಕೊಟ್ರು ಅಂತ."

"ಕೇಳಲಿ."

ಕಾರ್ಯದರ್ಶಿ ತಾಳ್ಮೆ ಕಳೆದುಕೊಂಡು ವಸ್ತಾದರ ಕಡೆ ತಿರುಗಿದ. "ನೀವs ಹೇಳ್ರಿ ನಿಮ್ಮ ಹುಡುಗಿಗೆ. ನಿಮ್ಮ ಮಾತು ಮೀರಿದಾಕಿ ಅಲ್ಲ ಅಂತೀರಲ್ಲ."

ಆ ಮುದುಕ ಅಂಗಿಯ ಕಿಸೆಯಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಹುಲಿಗಿಯ ಮುಂದೆ ಹಿಡಿದರು.

"ಮಾಡವ್ವ ಸಹಿ," ಅಂದರು. "ನಾ ಹೇಳಾಕತ್ತೀನಿ, ಮಾಡು."

ಹುಲಿಗಿಯ ಕಣ್ಣಲ್ಲಿ ನೀರು ಬಂತು. ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡೇ ಅವರ ಮುಖ ನೋಡಿದಳು.

"ಒಲ್ಲೆನ್ರಿ ವಸ್ತಾದ್ರ."